ಗುಡ್ಡಪ್ಪ ಯಾರು

ದುರ್ಗದ ರೆಕಾರ್ಡ್ ರೂಮಿನಲ್ಲಿ ಮೂರು ಶನಿವಾರ
ನಾನು ಹುಡುಕಿದ್ದು ಮೈಲಪ್ಪನನ್ನು.
ಸಿಕ್ಕವನು ಗುಡ್ಡಪ್ಪ.

ಬನ್ನಿಹಟ್ಟಿ, ಜಗಳೂರು ಸೀಮೆ,
ಸಾವಿರದೆಂಟುನೂರ ಎಪ್ಪತ್ತೊಂದರ ಜನಗಣತಿ.
ಮನೆ ಹನ್ನೊಂದು. ಹುಲ್ಲಿನ ಮಾಡು.
ಗುಡ್ಡಪ್ಪ, ಕುರುಬ, ನಲವತ್ತು, ಕುರಿ ಕಾಯುವುದು.
ಹೆಂಡತಿ ಹಾಲವ್ವ, ಮೂವತ್ತು, ಉಣ್ಣೆ ನೂಲುವುದು.
ಮಗ ಕೆಂಚ, ಆರು. ಮಗಳು ಸಿರಿಯವ್ವ, ಎರಡು.
ತಾಯಿ. ಹೆಸರಿಲ್ಲ. ಕುರುಡಿ.

ಹಾಲವ್ವ ಸರಿ, ಕೆಂಚ ಸರಿ,
ಹಿರಿಯರ ಹಬ್ಬದಲ್ಲಿ ನಾವು ಹೆಸರು ಹಿಡಿದು ಎಡೆ ಇಡುವ ಸಾಲು ಅದೇ.
ಆದರೆ ಈ ಗುಡ್ಡಪ್ಪ ಯಾರು,
ನಮ್ಮ ಹಾಲವ್ವನ ಮೇಲಿನ ಸಾಲಿನಲ್ಲಿ
ಇಷ್ಟು ನಿರಾಳ ಕೂತವನು?

ಮೂರನೇ ಶನಿವಾರ ಗುಮಾಸ್ತರು ಫ್ಯಾನು ಆರಿಸಿ
ಬೀಗದ ಕೈ ಕುಲುಕುವಾಗ ಹೊಳೆಯಿತು.

ಅವತ್ತು ಯಾರದೋ ಹೊಲದಲ್ಲಿ ಕುರಿ ತರುಬಿದ್ದರು.
ಮೈಲಪ್ಪ ಮಂದೆಯ ಜೊತೆ.
ಶಾನುಭೋಗರು ಅಂಗಳದಾಚೆ ನಿಂತು, ಹಲಗೆಯ ಮೇಲೆ ಕಾಗದ:
‘ಯಜಮಾನನ ಹೆಸರೇನವ್ವ?’
ಗಂಡನ ಹೆಸರು ಬಾಯಿಗೆ ತರುವುದುಂಟೆ?
ಕದಿರು ನಿಲ್ಲಿಸದೆ ಹಾಲವ್ವ ಅಂದಿರಬೇಕು:
‘ಗುಡ್ಡದ ಮ್ಯಾಲಿನ ದ್ಯಾವರ ಹೆಸರು, ಸ್ವಾಮಿ.
ಭಂಡಾರ ತೂರ್ತಾರಲ್ಲ, ಕುದುರೆ ಏರ್ಯಾನಲ್ಲ,
ಆತಂದು.’
ಶಾನುಭೋಗರಿಗೆ ಇನ್ನೂ ಹದಿನೇಳು ಮನೆ ಬಾಕಿ,
ಹೊತ್ತು ಇಳಿದಿತ್ತು.
ಕಿವಿಗೆ ಬಿದ್ದದ್ದು ಮೊದಲ ಪದ.

ಹತ್ತು ವರ್ಷದ ಮೇಲಿನ ಕಟ್ಟು.
ನಡುವೆ ಧಾತು ಸಂವತ್ಸರ ಹಾದುಹೋಗಿದೆ,
ಅದಕ್ಕೆ ಕಾಲಂ ಇಲ್ಲ.
ಅದೇ ಹಟ್ಟಿ, ಅದೇ ಮನೆ, ಈಗ ನಂಬರು ಏಳು.
ಉಳಿದ ನಾಲ್ಕು ಮನೆ ಎಲ್ಲಿ ಹೋದವೆಂದು ಬರೆದಿಲ್ಲ.
ಮೈಲಪ್ಪ, ನಲವತ್ತೆರಡು.
ಹಾಲವ್ವ, ಮೂವತ್ತೈದು.
ಮಗ ಕೆಂಚ, ಮೂರು.

ಹತ್ತು ವರ್ಷದಲ್ಲಿ ಗಂಡ ಎರಡು ವರ್ಷ ಬೆಳೆದಿದ್ದಾನೆ,
ಹೆಂಡತಿ ಐದು,
ಮಗ ಮೂರು ವರ್ಷ ಹಿಂದಕ್ಕೆ ಹೋಗಿದ್ದಾನೆ.
ಮೂವತ್ತು ವರ್ಷ ಲೆಕ್ಕ ಕಲಿಸಿದವನು, ನನಗೆ ಮೊದಲು ನಗು ಬಂತು.
ಆಮೇಲೆ ಬೆರಳು ಆ ಮೂರರ ಮೇಲೇ ನಿಂತಿತು.
ಹೋದ ಕೂಸಿನ ಹೆಸರನ್ನು ಬಂದ ಕೂಸಿಗೆ ಹಾಕಿದ್ದಾರೆ,
ಅಣ್ಣನ ಅಂಗಿ ತಮ್ಮನಿಗೆ ಬಂದ ಹಾಗೆ.
ನಾವು ಈ ಎರಡನೇ ಕೆಂಚನ ಕಡೆಯವರು.
ಎಡೆ ಮಾತ್ರ ಇಷ್ಟು ವರ್ಷ
ಒಂದೇ ಎಲೆಗೆ ಇಟ್ಟಿದ್ದೇವೆ.

ಸಿರಿಯವ್ವ ಅಂತ ನಮ್ಮಲ್ಲಿ ಆಮೇಲೆ ಯಾರಿಗೂ ಹೆಸರಿಟ್ಟಿಲ್ಲ.
ಅಜ್ಜಿ ಇದ್ದಾಗ ಕೇಳಬೇಕಿತ್ತು.

ಇನ್ನೊಂದು ಮಾತು.
ಈ ಸಲ ಹೆಸರು ಸರಿಯಿದೆ ಅಂದರೆ ಮೈಲಪ್ಪ ತಾನೇ ಹೇಳಿದ್ದಾನೆ,
ಮನೆಯಲ್ಲಿದ್ದ.
ಮನೆಯಲ್ಲಿದ್ದ ಅಂದರೆ ಕಾಯಲು ಏನೂ ಇರಲಿಲ್ಲ.
ಕಸುಬಿನ ಕಾಲಂ: ರಸ್ತೆಗೆ ಜಲ್ಲಿ ಒಡೆಯುವುದು.

ಮತ್ತೆ ಹಳೆಯ ಕಟ್ಟು ಬಿಚ್ಚಿಸಿದೆ, ಗುಮಾಸ್ತರು ಗೊಣಗಿದರು.
ಮನೆ ಹನ್ನೊಂದರ ಅಂಚಿನಲ್ಲಿ, ಯಾರೂ ಕೇಳದೆ ಹಾಲವ್ವ ಹೇಳಿದ್ದು,
ಶಾನುಭೋಗರು ಬರೆದು, ಬೇಡವೆಂದು ಹೊಡೆದು ಹಾಕಿದ್ದು,
ಗೀಟಿನ ಕೆಳಗೆ ಇನ್ನೂ ಓದಲು ಬರುತ್ತದೆ:
ಕುರಿ, ಮೂರು ಇಪ್ಪತ್ತು, ಮೇಲೆ ನಾಲ್ಕು.

ಮೈಲಪ್ಪನಿಗೆ ಎಲೆ ಇದೆ. ಮೊದಲ ಕೆಂಚನಿಗೂ ಈ ವರ್ಷದಿಂದ ಇಡುತ್ತೇನೆ.
ಗುಡ್ಡಪ್ಪನಿಗೆ ಬೇಡ.
ಅವನು ಅರವತ್ತನಾಲ್ಕು ಕುರಿ ಹೊಡೆದುಕೊಂಡು
ಯಾರದೋ ಹೊಲದಲ್ಲಿದ್ದಾನೆ,
ಇನ್ನೂ ಮನೆಗೆ ಬಂದಿಲ್ಲ.