ಫಾಂಡ್ ಅಂದ್ರ

ಬೆಟಗೇರಿಯ ಪ್ರೆಸ್ಸಿನ ಬೆನ್ನಿಗೆ ಹತ್ತಿ
ನಮ್ಮ ಬೈಂಡಿಂಗ್ ಅಂಗಡಿ.
ದಾವಲಸಾಬ ರಟ್ಟು ಕೊಯ್ತಾನ, ನಾ ಹೊಲಿತೀನಿ.
ಇಪ್ಪತ್ತಾರು ವರ್ಷದಾಗ
ಕುರಾನು, ಪುರಾಣ, ಕೋರ್ಟಿನ ಕಾಗದ, ಸೊಸೈಟಿ ಲೆಕ್ಕ,
ಎಲ್ಲಾದರ ಬೆನ್ನು ಮುಟ್ಟೀನಿ,
ಹೊಟ್ಟ್ಯಾಗ ಏನೈತಿ ನೋಡಿಲ್ಲ.

ಕುಬಸದ ಬಾಯಾರ ಡಿಕ್ಷನರಿ
ಬೆನ್ನು ಮುರಕೊಂಡು ಬಂದಿತ್ತು.
ಎಫ್ ಹಾಳಿ ಹನ್ನೊಂದು ಬಿಡಿಬಿಡಿ.
ಫ್ಯಾನಿನ ಗಾಳಿಗೆ ಒಂದು ಹಾರಿ
ಖಳಿ ಬೋಗಾಣಿಗೆ ಅಂಟಿತು.
'ಇದನ್ನ ನೋಡ ಮಾಬೂಬಿ,' ಬೆರಳಿಟ್ರು ಬಾಯಾರು,
'ಫಾಂಡ್. ಭಾಳ ಹಚಗೊಂಡದ್ದು ಅಂತ ಅರ್ಥ. ಆದ್ರ
ಮೊದಲ ಹಂಗ ಇದ್ದಿಲ್ಲ.
ಆಗಿನ ಕಾಲಕ್ಕ ಅವರ ಊರಾಗ
ರುಚಿ ಹೋದ ಉಪ್ಪಿಗೆ ಹಂಗಂತಿದ್ರಂತ.
ಆಮ್ಯಾಲೆ ಉಪ್ಪಿಲ್ಲದ ಮಂದಿಗೆ, ಪೆದ್ದಗ, ಮಳ್ಳಗ.
ಆಮ್ಯಾಲೆ ಒಬ್ಬರ ಸಲುವಾಗಿ ಮಳ್ಳಾದವಗ.
ಕಡೀಕ ಮಳ್ಳು ಉದುರಿ
ಹಚಗೊಂಡದ್ದಷ್ಟ ಉಳೀತು.'

ನಾ ನಕ್ಕೆ. ಸೀರಿ ಹರದು ಕೌದಿ ಆದಂಗ.
'ನಮ್ಮಲ್ಲೂ ಐತಲ್ರಿ. ನಮ್ಮವ್ವ ತಲಿ ಹಿಕ್ಕುವಾಗ
ಹುಚ್ಚಿ ಅಂತಿದ್ಲು ನನಗ.
ಬೈಗಳೋ, ಅಕ್ಕರತಿಯೋ,
ಹಣಿಗಿ ಎಳಿಯೂದರ ಮ್ಯಾಲ ತಿಳೀತಿತ್ತು.'

ಬಾಯಾರು ಹೋದ್ರು.
ನಾ ರಸೀದಿ ಕೊಡಲಿಲ್ಲ, ಅವರೂ ಕೇಳಲಿಲ್ಲ.
ಮಡಿಕಿ ಬಿಡಿಸಿ ಹಾಳಿ ಸಾಲು ಹಚ್ಚೂಮುಂದ
ನಿನ್ನಿ ರಾತ್ರಿ ನೆನಪಾತು.

ಕರೆಂಟು ಹೋಗಿತ್ತು. ಬ್ಯಾಳಿ ಸಾರಿಗೆ ಉಪ್ಪ ಹಾಕಿದ್ದಿಲ್ಲ ನಾನು.
ಗೊತ್ತಾಗಿದ್ದು ನಾ ಉಣ್ಣಾಕ ಕುಂತಾಗ.
ಅಷ್ಟ್ರಾಗ ದಾವಲಸಾಬ ಎರಡು ರೊಟ್ಟಿ ಮುಗಿಸಿ,
'ಇನ್ನೊಂದು ಸೌಟು ಬಿಡ' ಅಂತ ತಾಟು ಚಾಚಿ,
ಅದನ್ನೂ ಸುರದು, ಕೈ ತೊಳದು
ರೇಡಿಯೋ ಕಿವಿಗೆ ಹಚ್ಚಿದ್ದ.
ಖಾನಾವಳ್ಯಾಗ ಚಟ್ನಿ ಸಪ್ಪಗೈತಿ ಅಂತ
ಮಾಲಕನ ಕೂಡ ಜಗಳಾ ತಗಿಯೂ ಮನಿಷಾ!
'ಯಾಕ ಹೇಳಲಿಲ್ಲ?' ಅಂದ್ರ
'ಏನು?' ಅಂದ.

ಈಗ ಅಲ್ಲೇ ಸ್ಟೋ ಮುಂದ ಕುಂತು
ಖಳಿ ತಿರುವಾಕ ಹತ್ಯಾನ.
ಮೈದಾ, ನೀರು,
ಹುಳ ತಿನಬಾರದಂತ ಚಿಟಿಕಿ ಮೈಲುತುತ್ತ.
ಉಪ್ಪಿಲ್ಲ.
ಆ ಹಾಳಿಯ ಅಂಚಿಗೆ ಸವರಿ ನನ್ನ ಕಡೆ ದೂಡಿದ.
ಒಣಗೂತನಕ
ಒತ್ತಿ ಹಿಡಕೊಂಡು ಕುಂತೆ.