ನೀಲಿ ತುಂಬಿದವಳು

ಬೆಳಿಗ್ಗೆ ಐದೂಮುಕ್ಕಾಲು, ಶಿವಮೊಗ್ಗ ಬಸ್‌ಸ್ಟ್ಯಾಂಡಿನ ಎದುರು
ಟೆಂಪೋ ಬಾಗಿಲಲ್ಲಿ ನಿಂತು ಲೋಹಿತಾಶ್ವ ಎಣಿಸುತ್ತಾನೆ:
ಹರಿಹರದ ದಾದಾಪೀರ್, ಅವರ ಮನೆಯವರು,
ರಾಣೆಬೆನ್ನೂರಿನ ಅಕ್ಕತಂಗಿ, ಇಬ್ಬರಿಗೂ ಒಂದೇ ಕ್ಯಾಮೆರಾ,
ಭದ್ರಾವತಿಯಿಂದ ಬಂದ, ಮಾತೇ ಆಡದ ಒಬ್ಬರು,
ಆಮೇಲೆ ನಾನು.
"ಆರು. ಸಂಜೆ ಇದೇ ಆರು ವಾಪಸ್ ತರ್ತೀನಿ"
ಅನ್ನುತ್ತಾನೆ, ಕುರಿ ಲೆಕ್ಕ ಒಪ್ಪಿಸುವವನ ಹಾಗೆ.

ನನಗೆ ಈ ದಾರಿ ಬಾಯಿಪಾಠ.
ಭೂದಾಖಲೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಟ್ರೇಸರ್;
ಆಯನೂರು, ಆನಂದಪುರ, ಸಾಗರ ಎಲ್ಲ ದಾಟಿದ್ದೇನೆ
ನಿಬ್ಬಿನ ತುದಿಯಲ್ಲಿ, ಉಸಿರು ಬಿಗಿಹಿಡಿದು,
ಟೀ ಲೋಟ ದೂರ ಇಟ್ಟು.
ಶರಾವತಿಯ ಹಿನ್ನೀರಿಗೆ ನೀಲಿ ತುಂಬಿದ್ದೂ ನಾನೇ.
ಕುಂಚಕ್ಕೆ ಎರಡು ಹನಿ ಹೆಚ್ಚಾದರೆ
ಒಂದು ಗುಡ್ಡ ಮುಳುಗುತ್ತಿತ್ತು.
ಕಣ್ಣಾರೆ ನೋಡಲು ಬಂದದ್ದು ಇದೇ ಮೊದಲು.

ಸಾಗರದಲ್ಲಿ ಇಡ್ಲಿ. ಹೊಳೆಬಾಗಿಲ ಹತ್ತಿರ ಮರಗಳು ತಟ್ಟನೆ ಮುಗಿದು
ಅಗೋ, ನನ್ನ ನೀಲಿ.

ನೀಲಿಯಲ್ಲ.
ಏಪ್ರಿಲ್ ತಿಂಗಳ ನೀರು, ಆರಿಹೋದ ಚಹಾದ ಬಣ್ಣ,
ಸುತ್ತ ಕೆಂಪು ಮಣ್ಣು ಮೆಟ್ಟಿಲು ಮೆಟ್ಟಿಲಾಗಿ,
ಅರವತ್ತು ವರ್ಷ ನೆನೆದರೂ ಕೊಳೆಯಲೊಪ್ಪದ ಮರದ ಬುಡಗಳು.
ಸಾವಿರದ ಎಂಟುನೂರ ಹತ್ತೊಂಬತ್ತು ಅಡಿ
ಅಂತ ನಾನು ಎಳೆದ ದಡ
ಎಲ್ಲೋ ಮೇಲೆ, ನಮ್ಮ ತಲೆಯ ಮೇಲೆ, ಗಾಳಿಯಲ್ಲಿ.

ಸೇತುವೆಗೆ ಮೊದಲು ಗಾಡಿ ನಿಲ್ಲಿಸಿ ಕೆಳಗಿಳಿಸಿದ.
"ನೋಡಿ, ಹಳೇ ರಸ್ತೆ."
ಜಲ್ಲಿ ರಸ್ತೆಯೊಂದು, ಅಂಚುಗಲ್ಲು ಸಮೇತ,
ಯಾರನ್ನೂ ಕೇಳದೆ
ಸೀದಾ ನೀರೊಳಗೆ ನಡೆದುಹೋಗಿದೆ.
"ಇದು ಎಲ್ಲಿಗೆ ಹೋಗ್ತದೆ?" ದಾದಾಪೀರ್ ಕೇಳಿದರು.
"ಹೋಗ್ತಿತ್ತು ಸಾರ್" ಅಂದ. ಅಷ್ಟಕ್ಕೇ ನಿಲ್ಲಿಸಿದ.

ನನಗೆ ಗೊತ್ತು ಎಲ್ಲಿಗೆಂದು.
ಹಳೆಯ ಹಾಳೆಗಳನ್ನು ಹೊಸತು ಮಾಡುವಾಗ
ಮೇಲಿನವರ ಸೂಚನೆ: ನೀಲಿಯೊಳಗೆ ಹೆಸರು ಬೇಡ.
ಅರ್ಧ ಬ್ಲೇಡು ಹಿಡಿದು ಕೆರೆಯಬೇಕು,
ಟ್ರೇಸಿಂಗ್ ಬಟ್ಟೆ ಹರಿಯದಂತೆ, ಒಂದೊಂದೇ ಅಕ್ಷರ,
ಒತ್ತು ಮೊದಲು, ದೀರ್ಘ ಆಮೇಲೆ,
ಕೊನೆಗೆ ಊದಿದರೆ ಪುಡಿ.
ಕೆರೆದು ಕೆರೆದು ಕೆರೆ ಮಾಡಿದೆ.
ಆ ವರ್ಷ ನನಗೆ ಬಡ್ತಿ.

"ನಿಮ್ಮಜ್ಜಿಯ ಊರು ಯಾವುದಪ್ಪ?"
ನೀರಿನ ಕಡೆ ಗದ್ದ ಎತ್ತಿದ.
"ಹೆಸರು ಗೊತ್ತಿಲ್ಲಮ್ಮ. ಮನೇಲಿ 'ಆಚೆ' ಅಂತಿದ್ರು.
ಆಚೆ ಇದ್ದಾಗ ಹಲಸು ಇತ್ತು, ಆಚೆ ಇದ್ದಾಗ ಎಮ್ಮೆ ಇತ್ತು.
ಚಿಕ್ಕವನಿದ್ದಾಗ ಯಾರಾದ್ರೂ 'ಆಚೆ ಹೋಗೋ' ಅಂದ್ರೆ
ಈಜು ಬರಲ್ಲ ಅಂತ ಅಳ್ತಿದ್ದೆ."
ಅಕ್ಕತಂಗಿ ನಕ್ಕರು. ಅವನೂ ನಕ್ಕ.
ನನ್ನ ನಾಲಿಗೆಯ ಮೇಲೆ ಹದಿನಾಲ್ಕು ಹೆಸರು
ಸರತಿಯಲ್ಲಿ ನಿಂತಿದ್ದವು. ಯಾವುದನ್ನು ಕೊಡಲಿ?
ತಪ್ಪು ಊರು ಕೊಟ್ಟುಬಿಟ್ಟರೆ?

ಮಧ್ಯಾಹ್ನ ನಿಟ್ಟೂರಿನಿಂದ ಜೀಪು.
ಕೊಡಚಾದ್ರಿ ಅಂದರೆ ನನಗೆ ಕಂದು ಉಂಗುರಗಳಷ್ಟೆ,
ಹೆಬ್ಬೆಟ್ಟಿನ ಗುರುತಿನ ಹಾಗೆ, ಒಂದರೊಳಗೊಂದು.
ಈಗ ಪ್ರತಿ ಉಂಗುರವೂ ಸೊಂಟಕ್ಕೆ ಗುದ್ದುತ್ತಿದೆ.
ಮೆಹರುನ್ನೀಸಾ ನಿಂಬೆಹಣ್ಣು ಮೂಸುತ್ತ ನನ್ನ ಕೈ ಹಿಡಿದರು;
ಭದ್ರಾವತಿಯವರು ಮೊದಲ ಸಲ ಬಾಯಿ ಬಿಟ್ಟರು:
"ಅಯ್ಯೋ."

ತುದಿಯಲ್ಲಿ ಗಾಳಿ, ನನ್ನ ಸೆರಗು ಯಾರದೋ ಮುಖಕ್ಕೆ.
ಕೆಳಗೆ, ದೂರದಲ್ಲಿ, ಅದೇ ಹಿನ್ನೀರು.
ಇಲ್ಲಿಂದ ನೋಡಿದರೆ ನೀಲಿಯೇ.
ಸುಳ್ಳು ಬರೆದಿರಲಿಲ್ಲ ನಾನು.
ತುಂಬ ಎತ್ತರದಿಂದ ಬರೆದಿದ್ದೆ.

ವಾಪಸು ಹೊಸನಗರದ ದಾರಿ, ಕತ್ತಲು,
ಮಂಡಕ್ಕಿ ಪೊಟ್ಟಣ ಕೈಯಿಂದ ಕೈಗೆ.
ಲೋಹಿತಾಶ್ವ ಒಂದೊಂದು ಹಾಳೆ ಹಂಚಿದ:
ಹೆಸರು, ಊರು, ಅಭಿಪ್ರಾಯ.
ಹಾಳೆ ಮಗುಚಿದೆ. ಗಾಡಿ ಕುಲುಕುತ್ತಿತ್ತು;
ಇಷ್ಟು ಸೊಟ್ಟ ಗೆರೆ ಜನ್ಮದಲ್ಲಿ ಎಳೆದಿರಲಿಲ್ಲ.
ಒಂದು ಜಲ್ಲಿ ರಸ್ತೆ, ಎಡಕ್ಕೆ ಐದು, ಬಲಕ್ಕೆ ಮೂರು,
ಹೊಳೆ ದಾಟಿ ಉಳಿದವು,
ದೀರ್ಘ, ಒತ್ತು, ಒಂದೂ ಬಿಡದೆ.

ಶಿವಮೊಗ್ಗದ ದೀಪಗಳ ಕೆಳಗೆ ಇಳಿಯುವಾಗ
ನೋಡದೆಯೇ ಮಡಚಿ ಜೇಬಿಗಿಟ್ಟ, ಎಣಿಸುತ್ತಲೇ:
"...ನಾಲ್ಕು, ಐದು, ಆರು.
ಎಲ್ಲರೂ ಬಂದ್ರಲ್ಲ?"