ಕಿಣ್

ಸೂಪರ್ ಮಾರ್ಕೆಟಿನ ಓಣ್ಯಾಗ, ಮ್ಯಾಲಿನ ಮಾಳಿಗಿ,
ಮುನವ್ವರ್ ಸೇಠನ ಅಂಗಡಿ. ಚಪ್ಪಲಿ ಹೊರಗ ಬಿಡಬೇಕು.
ಒಳಗ ಎ.ಸಿ., ಕಾಲಿಗಿ ಮೆತ್ತನ ಜಮಖಾನಿ,
ಗ್ವಾಡಿಗುಂಟ ಎದಿಮಟ್ಟ ನಿಂತ ಸ್ಪೀಕರ್ ಪೆಟಗಿ,
ಬೀಗರ ಮನಿಗಿ ಮೊದಲ ಸಲ ಬಂದವರಂಗ
ಒಂದಕೊಂದು ಮಾತಿಲ್ಲ.

ನಾ ಬ್ಯಾಳಿ ಮಿಲ್ಲಿನಾಗ ಇಪ್ಪತ್ತೊಂಬತ್ತು ವರ್ಷ ಫಿಟ್ಟರ್.
ಬೇರಿಂಗ್ ಸಾಯೂ ಮುಂಚೆ ಅದರ ನರಳಾಟ ಕೇಳಿ
ಪಾನಾ ಹಿಡಕೊಂಡು ಓಡಿದಾವ.
ಯಾವ ಜಾಳಗಿ ಹರದದ ಅಂತ
ಕಣ್ಣು ಮುಚ್ಚಿ ಹೇಳತಿದ್ದೆ.
ಹಿಂಗಾಗಿ ಕಿವಿ ಬಗ್ಗೆ ಜರಾ ಸೊಕ್ಕದ. ಇರಲಿ.

ಸೇಠ ಮೊದಲ ತನ್ನ ಮಾಲು ಹಾಕಿದ:
ಗುಡುಗು. ಗಾಜು ಒಡಿಯೂದು. ಒಂದು ರೈಲು
ಎಡದಿಂದ ಬಲಕ್ಕ ಹೋಗಿ ಗ್ವಾಡ್ಯಾಗ ಮಾಯ ಆತು.
"ಉಸ್ತಾದ್, ಖಿಡಕಿ ಹ್ಯಾಂಗ ನಡಗತಾವ ನೋಡ್ರಿ!"
ಖಿಡಕಿ ನಡಗಸಲಿಕ್ಕಿ ಮೆರವಣಿಗಿ ಡಿಜೆ ಸಾಕಲ್ಲ,
ಅದಕ್ಯಾಕ ಇಷ್ಟು ರೊಕ್ಕ?
ನಾ ಕಿಸೆದಾಗಿನ ಪೆನ್ ಡ್ರೈವ್ ತಗದೆ.

ಅದರಾಗ ಒಂದೇ ಹಾಡು.
ಶಹಾಬಾದಿನಾಗ, ಅಂಬವ್ವ ಅತ್ತಿ ಪಡಸಾಲ್ಯಾಗ,
ಅಮಾಸಿ ರಾತ್ರಿ ಭಜನಿ ಟೇಪಿನಾಗ ಹಿಡದದ್ದು.
ನೆಲ ಕಲ್ಲು, ಗ್ವಾಡಿ ಕಲ್ಲು, ಮ್ಯಾಲ ಹಾಸಿದ್ದೂ ಕಲ್ಲು.
ಅತ್ತಿ ದನಿ ಮೂರೂ ಕಡೆ ಬಡದು
ಆಮ್ಯಾಲ ನಮ್ಮ ಕಡೆ ಹೊಳ್ಳತಿತ್ತು.
ಒಂದು ಏಕತಾರಿ, ಒಂದು ಜೋಡಿ ತಾಳ,
ಪೇಟಿ ಆಕೀದೇ, ಬಾರಿಸಕೋತ ಹಾಡತಿದ್ಲು.
ಮೂರನೇ ನುಡಿ ಮುಗಿಯೂ ಹೊತ್ತಿಗಿ
ಸೆರಗು ಸರಿ ಮಾಡಕೋತಾಳ,
ಹಸರು ಬಳಿ ಪೇಟಿ ಅಂಚಿಗಿ ತಾಕಿ
ಕಿಣ್ ಅಂತದ. ಒಮ್ಮೆ.

ಮನ್ಯಾಗಿನ ಹಳೇ ಡಬ್ಬಿದಾಗ
ಜಗದೇವಿಗಿ ಎಂದೂ ಕೇಳಿಲ್ಲ ಅದು.
ನನಗ ದಿನಾ ಕೇಳತದ.
ಅದೇ ನನ್ನ ತಕ್ಕಡಿ.
ಆ ಕಿಣ್ ಕೇಳಸದ ಸ್ಪೀಕರ್
ಎಷ್ಟೇ ತುಟ್ಟಿ ಇರಲಿ, ಬರೇ ಕಪಾಟು.

ಮೊದಲನೇ ಜೋಡಿ: ಅತ್ತಿ ಹಗೇವಿನಾಗ ಬಿದ್ದು ಒದರಿದಂಗ.
ಎರಡನೇದು: ತಾಳ ಅಲ್ಲ ಅವು,
ತಾಟಿನಾಗ ಚಮಚಾ ಸುರದಂಗ.
ಮೂರನೇದು ಸುರು ಆತು,
ಅಂಗಡಿ ಹೋತು, ಎ.ಸಿ. ಹೋತು,
ಅಂಗಾಲಿಗಿ ಕಲ್ಲು ತಣ್ಣಗ ಹತ್ತಿತು.
ಮೂರನೇ ನುಡಿ.
ಕಿಣ್.
"ಇದೇ" ಅಂದೆ.

ಸೇಠ ಚಹಾ ತರಸಿದ, ರೇಟು ಬರದ, ಹೊಡದ, ಮತ್ತ ಬರದ.
ಹಿಂದ ಕುಂತು ಸ್ಕ್ರೂ ಬಿಚ್ಚತಿದ್ದ ಹುಡುಗ ರೇವಣ
ತಲಿ ಎತ್ತಿದ:
"ಸೇಠ್, ಇದರ ಟ್ವೀಟರ್ ವೈರ್ ಹಚ್ಚೇ ಇಲ್ಲರಿ.
ಎರಡೂ ಕಡೆ."
ಅಂದ್ರ ತಾಳದ ಚೂಪು, ಉಸುರು, ಬಳಿ,
ಸಣ್ಣದು ಅನ್ನೂದು ಒಂದೂ ಹೊರಗ ಬಂದೇ ಇಲ್ಲ.

ಹಚ್ಚಿ, ಮತ್ತ ಹಾಕಿದ್ರು.
"ಆಹಾ, ಈಗ ಬಾಗಲಾ ತೆರದಂಗಾತು!" ಅಂದ ಸೇಠ.
ರೇವಣನ ಮಾರಿ ಅರಳಿತು.
ನನಗ ಮೊದಲು ಹ್ಯಾಂಗಿತ್ತೋ ಹಾಂಗೇ.
ಅದೇ ಜಾಗಾದಾಗ ಅಷ್ಟೇ ದೊಡ್ಡ ಕಿಣ್.

ಸೇಠ ದನಿ ಇಳಸಿ ಕೇಳಿದ:
"ಮಿಲ್ಲಿನಾಗ ಕಿವ್ಯಾಗ ಅರಳಿ ಇಟಗೋತಿದ್ರೇನು?"
ಅರಳಿ ಇಟ್ರ ಮಿಷನ್ ಹ್ಯಾಂಗ ಕೇಳಬೇಕು?
ಚಹಾದ ಮ್ಯಾಲ ಕೆನಿ ಕಟ್ಟಿತ್ತು.
ತಿಂಗಳಾ ಇಷ್ಟಂತ ಬರಕೊಟ್ಟು
ಅದೇ ಜೋಡಿ ತಗೊಂಡೆ, ವೈರ್ ಹಚ್ಚಿದ್ದು,
ಆಟೋದಾಗ ಹಸುಗೂಸಿನಂಗ ಹಿಡಕೊಂಡು.

ಜಗದೇವಿ ಪುಂಡಿಪಲ್ಲೆ ಸೋಸಕೋತ ಕುಂತಿದ್ಲು.
ಒಂದನೇ ನುಡಿಗಿ ಕೈ ನಿಂತಾವ.
ಎರಡನೇದಕ್ಕ "ಅಯ್ಯ, ಹೊರಗ ನಾಯಿ ಬೊಗಳತದ ಆಗ" ಅಂದ್ಲು.
ನಾ ಎಂದೂ ಕೇಳಿಲ್ಲ ಆ ನಾಯಿ.
ಮೂರನೇದಕ್ಕ ಥಟ್ಟನೆ ನನ್ನ ಕಡೆ ನೋಡಿದ್ಲು.

"ಕೇಳತೇನು, ಬಳಿ?"
"ಬಳಿ ಅಲ್ಲರಿ, ಕೀಲಿಗೊಂಚಲು.
ನಡಕ ಸಿಗಸಕೊಂಡಿರತಿದ್ಲಲ್ಲ ನಮ್ಮವ್ವ.
ಬಳಿ ಎಲ್ಲಿದಾವ ಆಗ?
ನಮ್ಮಪ್ಪ ಹೋಗಿ ಎರಡು ವರ್ಷ ಆಗಿತ್ತು."

ಪಲ್ಲೆ ಬುಟ್ಟಿ ಬಾಜೂಕ ಸರಸಿ
ಇನ್ನೊಮ್ಮೆ ಹಾಕ್ರಿ ಅಂದ್ಲು.
ಹಾಕಿದೆ.

ಕಿಣ್.

ನನಗ ಬಳೀನೇ ಕೇಳತು.
ಹಸರು.